ನಾನು ಒರೆಸಿದ ವಿಭೂತಿ ಗೆರೆ

ಬಾದಾಮಿಯ ಪ್ರವಾಸಿ ಮಂದಿರದಲ್ಲಿ ನಮಗೆ ಕೊಟ್ಟಿದ್ದ ಕೋಣೆಯಲ್ಲಿ ಇದ್ದದ್ದು ಒಂದೇ ಮೇಜು. ನಕ್ಷೆ ಹರಡಿದರೆ ಊಟದ ತಾಟಿಗೆ ಜಾಗವಿಲ್ಲ. ತಾಟು ಇಟ್ಟರೆ ಐಹೊಳೆಯಿಂದ ಹುನಗುಂದದವರೆಗಿನ ಸೀಮೆಯೆಲ್ಲ ರೊಟ್ಟಿಯ ಕೆಳಗೆ. ಭೂವಿಜ್ಞಾನ ಇಲಾಖೆಯ ನನ್ನ ಹಿರಿಯ ಅಧಿಕಾರಿ ತಾಟನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ, "ಇಲ್ಲೇ ಎಲ್ಲೋ ಇದೆ ಕಣಯ್ಯ, ಹುಡುಕಬೇಕು" ಎನ್ನುತ್ತಿದ್ದರು. ಅವರು ಮೈಸೂರು ಕಡೆಯವರು. ಬಂದು ಮೂರು ತಿಂಗಳಾದರೂ ಖಡಕ್ ರೊಟ್ಟಿಯನ್ನು ಅನುಮಾನದಿಂದಲೇ ನೋಡುತ್ತಿದ್ದ ಮನುಷ್ಯ. ಆದರೆ ಕಲ್ಲಿನ ವಿಷಯದಲ್ಲಿ ಅವರ ಕಣ್ಣು ತಪ್ಪಿದ್ದನ್ನು ನಾನು ಕಂಡಿಲ್ಲ.

ಹುಡುಕಬೇಕಾಗಿದ್ದದ್ದು ನೆಲದಾಳದ ಒಂದು ಸೀಳನ್ನು. ಪುಸ್ತಕದಲ್ಲಿ ಅದಕ್ಕೆ ಸ್ತರಭಂಗ ಎನ್ನುತ್ತಾರೆ. ಬಂಡೆ ಬಿರಿದು, ಒಂದು ಪಕ್ಕ ಇನ್ನೊಂದರಿಂದ ಸರಿದು ಹೋಗಿರುವ ಜಾಗ. ಇಳಕಲ್ಲಿನಲ್ಲಿ ಮೇಲೆಯೇ ಕಾಣುವ ಕೆಂಪು ಗ್ರಾನೈಟ್ ಈ ಸೀಮೆಗೆಲ್ಲ ತಳಪಾಯ. ಪಶ್ಚಿಮಕ್ಕೆ ಬಂದಂತೆ ಅದು ಕೆಳಗಿಳಿಯುತ್ತ, ಬಾದಾಮಿಯ ಮರಳುಗಲ್ಲಿನ ಅಡಿಯಲ್ಲಿ ಮಾಯವಾಗುತ್ತದೆ. ಮೇಲಿನ ಮರಳುಗಲ್ಲು ಎಲ್ಲಿ ಮಡಿಕೆ ಬಿದ್ದು ಗುಡ್ಡದ ಸಾಲಾಗಬೇಕು ಎಂಬುದನ್ನು ಬಹಳ ಸಲ ಈ ತಳದ ಬಂಡೆಯ ಹಳೆಯ ಸೀಳುಗಳೇ ಗೊತ್ತುಮಾಡುತ್ತವೆ. ಎರಡು ಹೊರಸು, ಅಂದರೆ ಹಗ್ಗದ ಮಂಚ, ಜೋಡಿಸಿ ಮೇಲೆ ಕೌದಿ ಹಾಸಿ ಎರಡೂ ಕಡೆಯಿಂದ ಒತ್ತಿ ನೋಡಿ; ಕೌದಿ ಎದ್ದು ನಿಲ್ಲುವುದು ಹೊರಸುಗಳು ಕೂಡುವ ಕಡೆಯೇ. ಹಿಮಾಲಯದಂಥ ದೊಡ್ಡ ಪರ್ವತಗಳಲ್ಲೂ ಇದೇ ಲೆಕ್ಕ. ಮತ್ತೆ ಯಾವ ಕಾಲಕ್ಕಾದರೂ ಒತ್ತಡ ಬಿದ್ದರೆ ಹೊಸ ಸೀಳು ಹುಟ್ಟುವುದಕ್ಕಿಂತ ಹಳೆಯದು ಜಾರುವುದು ಸುಲಭ. ಭೂಕಂಪ ಹುಟ್ಟುವುದೂ ಅಲ್ಲಿಯೇ.

ಅದು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು ಪಶ್ಚಿಮ ಘಟ್ಟದಲ್ಲಿ ಒಂದು ಅಣೆಕಟ್ಟಿನ ಹತ್ತಿರ ನೆಲ ನಡುಗಿ ಜನ ಸತ್ತಿದ್ದರು. ನಮ್ಮ ದಖ್ಖನ್ನಿನ ನೆಲ ಅಲುಗಾಡುವುದಿಲ್ಲ ಎಂದು ಓದಿಕೊಂಡು ಬಂದ ನಮಗೆಲ್ಲ ಅದು ಕಪಾಳಕ್ಕೆ ಹೊಡೆದಂತಾಗಿತ್ತು. ಇತ್ತ ಕೃಷ್ಣೆಗೂ ದೊಡ್ಡ ಕಟ್ಟೆ ಏಳುತ್ತಿತ್ತು. ನಮ್ಮ ಗುಡ್ಡಗಳ ಕೆಳಗಿನ ಸೀಳು ಎಲ್ಲಿದೆ, ಅದು ಸತ್ತಿದೆಯೋ ಮಲಗಿದೆಯೋ ನೋಡಿ ಬನ್ನಿ ಎಂದು ಮೇಲಿನವರು ನಮ್ಮಿಬ್ಬರನ್ನು ಒಂದು ಜೀಪಿನ ಜೊತೆ ಕಳಿಸಿದ್ದರು.

ಮೂವತ್ತು, ನಲವತ್ತು ಅಡಿ ಮಣ್ಣು ಕಲ್ಲಿನ ಕೆಳಗಿರುವುದನ್ನು ನೋಡಲು ನಮಗಿದ್ದ ದಾರಿ ಎಂದರೆ ರೈತರ ಬಾವಿಗಳು. ದಿನಕ್ಕೆ ಹತ್ತು ಹನ್ನೆರಡು ಬಾವಿ ಇಣುಕುತ್ತಿದ್ದೆವು. ಕೆಂಪು ಕಲ್ಲು ಎಷ್ಟು ಆಳಕ್ಕೆ ಹತ್ತಿತು ಎಂದು ಕೇಳಿ, ಟೇಪು ಇಳಿಬಿಟ್ಟು ಅಳೆದು, ಬರೆದುಕೊಳ್ಳುತ್ತಿದ್ದೆವು. ಐಹೊಳೆಯಿಂದ ಅಮೀನಗಡದ ಕಡೆಗೆ ಹೋಗುವಾಗ ಬರುವ ಒಂದು ಹಳ್ಳಿಯಲ್ಲಿ ಲೆಕ್ಕ ಒಮ್ಮೆಲೇ ತಪ್ಪಿತು. ಊರ ಮೂಡಲಿಗೆ ಹತ್ತಡಿಗೇ ಕೆಂಪು ಕಲ್ಲು. ನಾಲ್ಕು ಹೊಲ ದಾಟಿ ಪಡುವಲಿಗೆ ಹೋದರೆ ಐವತ್ತಡಿ ತೋಡಿದರೂ ಇಲ್ಲ. ನಡುವೆ ತಳ ಧಡಕ್ಕನೆ ಮುರಿದಿರಲೇಬೇಕು. ನಮ್ಮ ಅದೃಷ್ಟವೋ ಇನ್ನೊಬ್ಬರ ದುರದೃಷ್ಟವೋ, ಅದೇ ನಾಲ್ಕು ಹೊಲದ ನಡುವಿನದೊಂದರಲ್ಲಿ ಹೊಸ ಬಾವಿ ತೋಡುತ್ತಿದ್ದರು.

ತೋಡುತ್ತಿದ್ದವರು ಇಳಕಲ್ ಕಡೆಯ ಒಬ್ಬ ಮೇಸ್ತ್ರಿ ಮತ್ತು ಅವರ ಅಳಿಯ. ಜೊತೆಗೆ ಬುಟ್ಟಿ ಎಳೆಯುವ ನಾಲ್ಕು ಆಳು. ಮೇಸ್ತ್ರಿಗೆ ಐವತ್ತರ ಹತ್ತಿರ ವಯಸ್ಸು, ತೆಳ್ಳಗಿನ ಮೈ, ಮಾತಿಗೊಮ್ಮೆ ನಗು. ನಾನು ಸುತ್ತಿಗೆ, ದಿಕ್ಸೂಚಿ, ತಂತಿ ಬ್ರಷ್ಷು ನೇತುಹಾಕಿಕೊಂಡು ಬಾವಿಯ ಅಂಚಿಗೆ ಬಂದು ನಿಂತಾಗ ಅವರು ಕೆಳಗಿನಿಂದಲೇ ಕೂಗಿದರು.

"ಬರ್ರಿ ಸಾಹೇಬ್ರ! ನೀವು ಕಲ್ಲಿನ ಜಾತಕ ಬರ್ಯಾವ್ರು, ನಾವು ಕಲ್ಲಿನ ಹೊಟ್ಟಿ ಬಗ್ಯಾವ್ರು. ಇಳೀರಿ, ನಿಮಗೊಂದು ಮಜಾ ತೋರಸ್ತೇನಿ."

ಪಡುವಣ ಗೋಡೆ ಗಟ್ಟಿ ಮರಳುಗಲ್ಲು. ಅದರಲ್ಲಿ ಮೆಟ್ಟಿಲು ಕಡಿದಿದ್ದರು. ನಲವತ್ತಡಿ ಇಳಿದು ಎದುರಿನ ಗೋಡೆ ನೋಡಿದೆ. ಅಲ್ಲಿ ಮರಳುಗಲ್ಲಿರಲಿಲ್ಲ. ಕೆಂಪು ಗ್ರಾನೈಟ್ ಪುಡಿಪುಡಿಯಾಗಿ, ನಡುವೆ ಬೂದು ಬಣ್ಣದ ಜಿಗುಟು ಮಣ್ಣು. ಒಂದು ಕಡೆ ಆ ಮಣ್ಣಿನ ದಪ್ಪ ಪದರ ಹಲಗೆಯಂತೆ ಹಿಂದಿನ ಗಟ್ಟಿ ಬಂಡೆಗೆ ಒರಗಿ ನಿಂತಿತ್ತು. ಅದರ ಪಕ್ಕದಲ್ಲಿ ಬಂಡೆಯ ಮುಖ ಗೇಣಗಲ ಕಾಣುತ್ತಿತ್ತು, ತಿಕ್ಕಿ ತಿಕ್ಕಿ ಕನ್ನಡಿಯಂತಾದ ಮುಖ.

"ಈ ಕಡಿ ಕಲ್ಲು ಗಟ್ಟಿ, ಆ ಕಡಿ ಕಲ್ಲು ಗಟ್ಟಿ. ನಡುವಿಂದು ಅರದು ಹಿಟ್ಟಾಗೇತಿ" ಎಂದರು ಮೇಸ್ತ್ರಿ. "ಯಾವ ಕಾಲಕ್ಕೋ ಎರಡೂ ಒಂದಕ್ಕೊಂದು ತಿಕ್ಕ್ಯಾಡ್ಯಾವ್ರಿ. ಹೌದಿಲ್ಲೋ?"

ಸಂಜೆ ಇದನ್ನು ಹಿರಿಯ ಅಧಿಕಾರಿಗೆ ಹೇಳಿದೆ. "ನಮ್ಮ ಮೇಷ್ಟ್ರು ಎರಡು ವಾರ ತಗೊಂಡು ಹೇಳಿದ್ದನ್ನ ಆತ ಒಂದು ಉಸಿರಲ್ಲಿ ಹೇಳಿಬಿಟ್ಟನಲ್ಲಯ್ಯ" ಎಂದು ಅವರು ನಕ್ಕರು.

ಇನ್ನು ನಮಗೆ ಬೇಕಾಗಿದ್ದದ್ದು ಎರಡು ವಿಷಯ. ಒಂದು, ಸೀಳು ಮೇಲಿನ ಹೊಸ ಮಣ್ಣನ್ನೂ ಕತ್ತರಿಸಿದೆಯೇ ಎಂಬುದು. ಅದು ಬೇಗ ಬಗೆಹರಿಯಿತು. ಬಾವಿಯ ಬಾಯಿಯ ಹತ್ತಿರ ಎರೆಮಣ್ಣು, ಅದರ ಕೆಳಗೆ ಹಳೆಯ ಹೊಳೆ ತಂದು ಹಾಸಿದ ಗರಸು, ಉರುಟು ಕಲ್ಲು ಮರಳಿನ ಪದರ. ಸೀಳು ಗರಸಿನ ತನಕ ಬಂದು ಅಲ್ಲಿಗೇ ನಿಂತಿತ್ತು. ಗರಸು ಒಂದಿಷ್ಟೂ ಕದಲಿರಲಿಲ್ಲ, ಅಂದರೆ ಅದು ಬಿದ್ದ ಮೇಲೆ ಸೀಳು ಜಾರಿಲ್ಲ. ಎರಡನೆಯದು, ಆ ನುಣುಪು ಮುಖದ ಮೇಲೆ ಬಂಡೆ ಜಾರುವಾಗ ಬಿದ್ದ ಗೀರುಗಳು ಯಾವ ದಿಕ್ಕಿಗಿವೆ ಎಂಬುದು. ಮೇಲೆ ಕೆಳಗೆ ಜಾರಿತೋ, ಪಕ್ಕಕ್ಕೆ ಜಾರಿತೋ ಎಂಬುದನ್ನು ಹೇಳುವುದು ಆ ಗೀರುಗಳೇ. ಕಂಡಷ್ಟು ಮುಖದ ಮೇಲೆ ಉಳಿಯ ಏಟು ಬಿದ್ದು ಗೀರು ಕೆಟ್ಟಿದ್ದವು. ಇನ್ನೊಂದಿಷ್ಟು ಹೊಸ ಮುಖ ಬೇಕಿತ್ತು, ಅಂದರೆ ಮಣ್ಣಿನ ಹಲಗೆಯನ್ನು ಸ್ವಲ್ಪ ಕಡಿಯಬೇಕಿತ್ತು. ಹೊಲದ ಗೌಡರಿಗೂ ನೀರಿನ ಆಸೆ. ಸಾಹೇಬರು ಹೇಳಿದಂತೆ ಮಾಡಿ ಎಂದು ಒಪ್ಪಿಕೊಂಡರು.

ಮೇಸ್ತ್ರಿ ಮೇಲಿನಿಂದ ಕೆಳಗೆ ಕಡಿಯುತ್ತ ಬಂದರು. ದಿನಕ್ಕೆ ಇಷ್ಟೇ ಎಂದು ಅವರದೊಂದು ಲೆಕ್ಕ. ನಾನು ಎಷ್ಟು ಅವಸರ ಮಾಡಿದರೂ ನಕ್ಕು, "ಮಣ್ಣಿಗೆ ಉಸಿರಾಡಾಕ ಬಿಡಬೇಕ್ರಿ" ಎನ್ನುತ್ತಿದ್ದರು. ಆ ಎರಡು ದಿನ ನಾನು ಹೊಸ ಮುಖದ ಮೇಲೆ ದಿಕ್ಸೂಚಿ ಇಟ್ಟು ಇಟ್ಟು ಬರೆದುಕೊಂಡೆ. ಎರಡನೆಯ ದಿನ ಸಂಜೆ ಹಿರಿಯ ಅಧಿಕಾರಿ ಪುಸ್ತಕ ನೋಡಿ ಹುಬ್ಬು ಗಂಟಿಕ್ಕಿದರು. ಒಂದೇ ಗೋಡೆಯ ದಿಕ್ಕು ಮುಂಜಾನೆಗೊಂದು ಸಂಜೆಗೊಂದು ಇತ್ತು. ನನ್ನ ಬುದ್ಧಿಗೆ ಆಗ ಹೊಳೆಯಿತು: ಪಕ್ಕದಲ್ಲೇ ಗೋಡೆಗೆ ಕಬ್ಬಿಣದ ಹಾರೆ ಒರಗಿಸಿ ಇಡುತ್ತಿದ್ದರು, ದಿಕ್ಸೂಚಿಯ ಮುಳ್ಳು ಅದರ ಕಡೆಗೆ ವಾಲುತ್ತಿತ್ತು. ಎರಡು ದಿನದ ಕೆಲಸ ನೀರಲ್ಲಿ ಹೋಮ. ಕಾಲೇಜಿನ ಮೊದಲ ತಿಂಗಳಲ್ಲೇ ಕಲಿಸುವ ಪಾಠ ಅದು. ಅಷ್ಟರಲ್ಲಿ ಅಳತೆ ಮಾಡಿದ ಮುಖವೆಲ್ಲ ಕುದಾಲಿಯ ಏಟಿಗೆ ಹಾಳಾಗಿತ್ತು.

"ನಾಳೆ ಮಧ್ಯಾಹ್ನ ಜೀಪು ಬೇರೆ ತಂಡಕ್ಕೆ ಹೋಗುತ್ತೆ" ಎಂದರು ಹಿರಿಯ ಅಧಿಕಾರಿ. "ಬೆಳಿಗ್ಗೆ ಒಂದು ಒಳ್ಳೆ ಅಳತೆ, ಒಂದು ಫೋಟೋ. ಆಗದಿದ್ದರೆ ಬಿಡು, ಅನುಮಾನ ಅಂತ ಬರೆಯೋಣ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನಾನೇ ಮೇಸ್ತ್ರಿಯ ಹತ್ತಿರ ಹೋಗಿ, ಮೇಲಿನಿಂದ ಬೇಡ, ಕೆಳಗಡೆ ಹಲಗೆಯ ಬುಡದಲ್ಲಿ ಒಂದು ಗೇಣು ಕಡಿದುಕೊಡಿ, ಅಲ್ಲಿ ಯಾರೂ ಮುಟ್ಟದ ಮುಖ ಸಿಗುತ್ತದೆ ಎಂದು ಗೋಗರೆದೆ.

ಅವರು ನಗಲಿಲ್ಲ. "ಬುಡಕ್ಕ ಕೈ ಹಾಕೂದು ಛಲೋ ಅಲ್ರಿ. ಮುಂಜಾನಿ ನೋಡಿ ಹೇಳ್ತೇನಿ" ಎಂದರು. ಏನು ನೋಡುತ್ತಾರೆ ಎಂದು ನಾನು ಕೇಳಲಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಮನೆಯಲ್ಲಿ ಬಾಗಿಲಿಗೆ, ತಕ್ಕಡಿಗೆ, ಬೀಸುವ ಕಲ್ಲಿಗೆ, ಅಪ್ಪನ ಸೈಕಲ್ಲಿಗೆ ಕೂಡ ಮೂರು ಬೆರಳಿನ ವಿಭೂತಿ, ನಮ್ಮ ಮಾತಿನಲ್ಲಿ ಈಬತ್ತಿ. ನಾಲ್ಕಕ್ಷರ ಕಲಿತ ಮೇಲೆ ನನಗೆ ಅದೆಲ್ಲ ಒಂಥರ ಸಂಕೋಚ. ಕಂಡರೂ ಕಾಣದಂತಿರುವುದು ರೂಢಿಯಾಗಿತ್ತು. ಆ ಬಾವಿಯ ಗೋಡೆಯ ಮೇಲೂ ದಿನಾ ಮುಂಜಾನೆ ಎರಡು ಮೂರು ಕಡೆ ವಿಭೂತಿ ಗೆರೆ ಇರುತ್ತಿದ್ದವು. ಗಂಗಮ್ಮನ ಪೂಜೆಯೋ ಏನೋ ಮಾಡಿರಬೇಕು ಎಂದುಕೊಂಡಿದ್ದೆ. ಮೈಸೂರು ಕಡೆಯ ನಮ್ಮ ಹಿರಿಯ ಅಧಿಕಾರಿ ಬಾವಿಯ ತಳಕ್ಕೆ ಇಳಿದಿದ್ದರೆ, ಇದೇನು ಎಂದು ಕೇಳುತ್ತಿದ್ದರೋ ಏನೋ. ಮೊಣಕಾಲು ನೋವಿನಿಂದ ಅವರು ಇಳಿಯುತ್ತಿರಲಿಲ್ಲ. ಇಳಿಯುತ್ತಿದ್ದ ನಾನು ಊರಿನವನು, ಎಲ್ಲ ಗೊತ್ತಿದ್ದವನು.

ಮರುದಿನ ಮೇಸ್ತ್ರಿಯ ತಂಡ ಬರುವುದಕ್ಕೆ ಮೊದಲೇ ಬಾವಿಗೆ ಬಂದೆ. ಬೆಳಗಿನ ಮೊದಲ ಬಿಸಿಲು ಪಡುವಣ ಗೋಡೆಗೆ ಬಿದ್ದು, ಅದರ ಮಂದ ಬೆಳಕು ಎದುರಿನ ಮುಖದ ಮೇಲೆ ಹರಡುವ ಹೊತ್ತು ಫೋಟೋಕ್ಕೆ ಒಳ್ಳೆಯದು. ಇಳಿದು ನೋಡಿದರೆ ಮಣ್ಣಿನ ಹಲಗೆಯೂ ಬಂಡೆಯೂ ಕೂಡುವ ಸಂದಿಯ ಮೇಲೆ ಅಡ್ಡಡ್ಡ ಮೂರು ವಿಭೂತಿ ಗೆರೆ. ಮೇಲಿನ ಎರಡು ನೆಟ್ಟಗಿದ್ದವು. ಕೆಳಗಿನದು ನಡುವೆ ಒಡೆದಿತ್ತು. ಹಲಗೆಯ ಮೇಲಿದ್ದ ಬಲಗಡೆಯ ತುಂಡು ಎಡಗಡೆಯದಕ್ಕಿಂತ ಒಂದು ಜೋಳದ ಕಾಳಿನಷ್ಟು ಕೆಳಗಿತ್ತು.

ನಾನು ಅದನ್ನು ಕಂಡೆ. ಕಾಣಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಕಂಡೆ. ಗೀರು ಸರಿದದ್ದನ್ನು ಅಳೆಯುವುದೇ ಕೆಲಸವಾಗಿದ್ದವನ ಕಣ್ಣು ಅದು, ತಾನಾಗಿಯೇ ಅಳೆದುಬಿಟ್ಟಿತು. ಹಚ್ಚುವಾಗ ಕೈ ಜಾರಿರಬೇಕು ಎಂದುಕೊಂಡೆ. ತಂತಿ ಬ್ರಷ್ಷು ತೆಗೆದುಕೊಂಡು ಮೂರೂ ಗೆರೆಯನ್ನು ಉಜ್ಜಿ ಹಾಕಿದೆ. ಫೋಟೋದಲ್ಲಿ ಬಂಡೆ ಸ್ವಚ್ಛವಾಗಿ ಕಾಣಬೇಕಿತ್ತು.

ಮೇಲೆ ಬಂದಾಗ ಮೇಸ್ತ್ರಿ ಮತ್ತು ಅಳಿಯ ಬಂದಿದ್ದರು. ಮೇಸ್ತ್ರಿ ಅರ್ಧ ಮೆಟ್ಟಿಲಿಳಿದು ಎದುರಿನ ಗೋಡೆ ನೋಡಿ ಹಾಗೇ ನಿಂತರು.

"ಸಾಹೇಬ್ರ, ಈಬತ್ತಿ ಎಲ್ಲಿ ಹೋತ್ರಿ?"

"ನಾನ ಒರಸೇನ್ರಿ, ಫೋಟೋಕ್ಕ ಅಡ್ಡ ಬರ್ತಿತ್ತು."

"ಒರಸೂಕಿಂತ ಮೊದಲ ಹೆಂಗಿತ್ರಿ? ಎಲ್ಲೆರ ಒಡದಿತ್ತೇನು?"

ಆ ಕ್ಷಣಕ್ಕೆ ನನಗೆ ಎಲ್ಲ ತಿಳಿಯಿತು. ಅದು ಪೂಜೆಯಲ್ಲ, ಅದು ಉಪಕರಣ. ಗೋಡೆ ರಾತ್ರಿಯಲ್ಲಿ ಕೂದಲೆಳೆಯಷ್ಟು ಕದಲಿದರೂ ಒಣಗಿದ ವಿಭೂತಿ ಒಡೆದು ಹೇಳುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ, "ಗೊತ್ತಿಲ್ಲಂದ್ರ ಹೇಳ್ರಿ, ತಪ್ಪೇನಿಲ್ಲ. ಮತ್ತ ಹಚ್ತೇನಿ, ಇವತ್ತೊಂದು ರಾತ್ರಿ ಬಿಟ್ಟು ನಾಳೆ ನೋಡೂನು" ಎಂದರು.

ನಾಳೆ ಜೀಪಿರಲಿಲ್ಲ. ಎರಡು ದಿನದ ಅಳತೆ ಕೆಡಿಸಿದ್ದೆ. ಕಾಣದ್ದನ್ನು ಕಂಡ ಹಾಗೆ, ಕಂಡದ್ದನ್ನು ಕಾಣದ ಹಾಗೆ ಮಾಡಲು ಅಷ್ಟು ಸಾಕಾಯಿತು.

"ಇಲ್ರಿ," ಎಂದೆ. "ನೆಟ್ಟಗಿತ್ತು."

ಅವರು ನನ್ನ ಮುಖ ನೋಡಿ ತಲೆಯಾಡಿಸಿದರು. ಉಳಿ ಸುತ್ತಿಗೆ ತೆಗೆದುಕೊಂಡು ಇಳಿದರು.

ಒಂದು ತಾಸೂ ಆಗಿರಲಿಕ್ಕಿಲ್ಲ. ನಾನು ನಡು ಮೆಟ್ಟಿಲಲ್ಲಿ ಕೂತು ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ಗೋಡೆಗೆ ಸೆಗಣಿ ಎಸೆದರೆ ಆಗುವಂಥ ಒಂದು ಸಪ್ಪಳ, ಆಮೇಲೆ ಅಳಿಯನ "ಮಾವಾ!" ಎಂಬ ಕೂಗು. ಹಲಗೆ ಬುಡದಿಂದ ಜಾರಿ ಕೂತಿತ್ತು. ಮೇಸ್ತ್ರಿ ಪಡುವಣ ಗೋಡೆಯ ಕಡೆಗೆ ಹಾರಿದ್ದರಿಂದ ಜೀವ ಉಳಿಯಿತು. ಉಳಿ ಹಿಡಿದ ಬಲಗೈ ಮಾತ್ರ ಮಣ್ಣಿಗೂ ತಳದ ಕಲ್ಲಿಗೂ ನಡುವೆ ಸಿಕ್ಕಿಕೊಂಡಿತ್ತು. ನಾವೆಲ್ಲ ಸೇರಿ ಬರಿಗೈಯಲ್ಲಿ ಮಣ್ಣು ಬಗೆದೆವು. ಅವರು ಕೂಗಲಿಲ್ಲ. "ಸಾವಕಾಶ, ಸಾವಕಾಶ, ಮ್ಯಾಲಿಂದು ಇನ್ನೂ ಬಂದೀತು" ಎಂದು ನಮಗೇ ಹುಷಾರು ಹೇಳುತ್ತಿದ್ದರು.

ಬೇರೆ ತಂಡಕ್ಕೆ ಹೋಗಬೇಕಾಗಿದ್ದ ಜೀಪು ಅವರನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದಿತು. ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆಯಬೇಕಾಯಿತು.

ಮರುದಿನ ನಾನೊಬ್ಬನೇ ಬಸ್ಸು ಹಿಡಿದು ಬಾವಿಗೆ ಹೋದೆ. ಯಾಕೆ ಹೋಗುತ್ತೀಯ ಎಂದು ಕೇಳಿದವರಿಗೆ, ಉಳಿದ ಸಾಮಾನು ತರಲು ಎಂದು ಹೇಳಿದ್ದೆ. ಜಾರಿದ ಹಲಗೆಯ ಹಿಂದಿದ್ದ ಬಂಡೆಯ ಮುಖ ಆಳೆತ್ತರಕ್ಕೆ ತೆರೆದುಕೊಂಡು ಹೊಳೆಯುತ್ತಿತ್ತು. ಅದರ ಮೇಲೆ ಗೀರುಗಳು ಬಾಚಣಿಗೆಯಿಂದ ಎಳೆದಷ್ಟು ಸ್ಪಷ್ಟ. ಹಾರೆಯನ್ನು ದೂರ ಇಟ್ಟು ಹನ್ನೆರಡು ಸಲ ಅಳತೆ ತೆಗೆದುಕೊಂಡೆ. ಫೋಟೋ ತೆಗೆದೆ. ತಳದ ಬಂಡೆ ಒಂದು ಕಾಲಕ್ಕೆ ಪಕ್ಕಕ್ಕೆ ಜಾರಿದೆ, ಮೇಲಿನ ಗರಸು ಹಾಸಿದ ಮೇಲೆ ಕದಲಿಲ್ಲ ಎಂದು ವರದಿ ಬರೆದೆವು. ಆ ಫೋಟೋ ನೋಡಿದವರೆಲ್ಲ ಹೊಗಳಿದರು. ಇವತ್ತಿಗೂ ನನಗೆ ಅದನ್ನು ನೋಡಲಾಗುವುದಿಲ್ಲ.

ಅಪಘಾತದ ಬಗ್ಗೆಯೂ ಒಂದು ಟಿಪ್ಪಣಿ ಬರೆಯಬೇಕಿತ್ತು. "ಕೆಲಸಗಾರರು ಎಂದಿನಂತೆ ಗೋಡೆ ಪರೀಕ್ಷಿಸಿ ಇಳಿದಿದ್ದರು" ಎಂದು ಬರೆದು ಸಹಿ ಮಾಡಿದೆ. ನನ್ನ ಜೀವನದಲ್ಲಿ ಬರೆದ ಅತ್ಯಂತ ಹೇಡಿ ವಾಕ್ಯ ಅದು.

ದವಾಖಾನೆಗೆ ಹೋದಾಗ ಹೇಳಿಬಿಡಬೇಕೆಂದೇ ಹೋಗಿದ್ದೆ. ಮೇಸ್ತ್ರಿ ಮಂಚದ ಮೇಲೆ ಕೂತಿದ್ದರು. ನನ್ನ ಮುಖ ನೋಡಿ ಅವರೇ ಸಮಾಧಾನ ಮಾಡಿದರು.

"ನಿಮ್ದೇನು ತಪ್ಪಿಲ್ಲ ಬಿಡ್ರಿ ಸಾಹೇಬ್ರ. ನಮ್ಮ ಅಜ್ಜನ ಕಾಲದಿಂದ ಈಬತ್ತಿ ಸುಳ್ಳು ಹೇಳಿದ್ದಿಲ್ಲ. ನನ್ನ ಪಾಲಿಗೆ ಸುಳ್ಳು ಹೇಳ್ತು ನೋಡ್ರಿ."

ಆಗ ಹೇಳಬೇಕಿತ್ತು. ತಂದಿದ್ದ ಬಾಳೆಹಣ್ಣನ್ನು ಮಂಚದ ಕಾಲ ಹತ್ತಿರ ಇಟ್ಟು ಎದ್ದು ಬಂದೆ.

ಮುಂದಿನ ಏಳು ವರ್ಷದಲ್ಲಿ ಕೆಲಸದ ಮೇಲೆ ಮೂರು ಸಲ ಇಳಕಲ್ಲಿಗೆ ಹೋದೆ. ಮೂರೂ ಸಲ ಅವರ ಊರಿನ ದಾರಿ ತಪ್ಪಿಸಿ ತಿರುಗಿ ಬಂದೆ. ಎಂಬತ್ತರ ದಶಕದ ನಡುವೆ, ನಾಲ್ಕನೆಯ ಸಲ ಹೋದಾಗ, ಹೊಲವೊಂದರಲ್ಲಿ ಹೊಸ ಬಾವಿ ತೋಡುವುದು ಕಂಡು ಅಭ್ಯಾಸಬಲದಿಂದ ಇಣುಕಿದೆ. ಕೆಳಗಿನಿಂದ ಹತ್ತಿ ಬಂದವನು ಆ ಅಳಿಯ. ಈಗ ತಂಡ ಅವನದು, ಮೀಸೆಗೆ ಒಂದೆರಡು ಬಿಳಿ ಕೂದಲು ಬಂದಿದ್ದವು. ನನ್ನನ್ನು ಗುರುತಿಸಿ ಕೈಮುಗಿದ. ನನ್ನ ಕಣ್ಣು ಬಾವಿಯ ಗೋಡೆಯ ಮೇಲಿತ್ತು. ಮೇಲಿನಿಂದ ಕೆಳಗೆ ಒಂದು ಸಂದಿ ಬಿಟ್ಟಿತ್ತು, ಅದರ ಮೇಲೆ ಬಿಳಿಯದೇನೂ ಇರಲಿಲ್ಲ.

"ಈಬತ್ತಿ ಹಚ್ಚೂದಿಲ್ಲೇನ್ರಿ?" ಎಂದೆ.

"ಅದನ್ನ ಬಿಟ್ಟು ಭಾಳ ವರ್ಷ ಆತ್ರಿ. ನಮ್ಮ ಮಾವ ಅದನ್ನ ನಂಬಿ ಇಳದು ಕೈ ಕಳಕೊಂಡ್ರು. ಆಮ್ಯಾಲ ಅವರ ಬ್ಯಾಡಂದ್ರು. ಈ ಕಡಿ ಯಾವ ತಂಡದಾಗೂ ಈಗ ಯಾರೂ ಹಚ್ಚೂದಿಲ್ಲ. ಸುಮ್ನ ಕಿವಿ ಇಟ್ಟು ಕೇಳ್ತೇವಿ, ಇಳೀತೇವಿ."

"ಗ್ವಾಡಿ ಬಿದ್ದದ್ದು ಐತೇನು?"

"ಹ್ವಾದ ವರ್ಷ ಒಂದು ಬಿತ್ರಿ. ಊಟಕ್ಕ ಮ್ಯಾಲ ಬಂದಿದ್ವಿ, ಉಳದ್ವಿ."

ನಾನು ಏಳು ವರ್ಷ ಒಂದು ಕೈಯ ಲೆಕ್ಕವನ್ನು ಹೊತ್ತು ತಿರುಗುತ್ತಿದ್ದೆ. ನಾನು ಕಳೆದದ್ದು ಬರೀ ಕೈಯಲ್ಲ ಎಂದು ಆ ಬಾವಿಯ ಅಂಚಿನಲ್ಲಿ ತಿಳಿಯಿತು. ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟೆ. ಬಿಸಿಲು ಹತ್ತಿರಬೇಕೆಂದು ಅಳಿಯ ನೀರು ತಂದುಕೊಟ್ಟ. "ಮಾವನ ಮನಿ ಇಲ್ಲೇ ಐತಿ, ಬರ್ರಿ, ಚಾ ಕುಡದು ಹೋಗೀರಂತ" ಎಂದು ಕರೆದ. ಈ ಸಲ ಹೋದೆ.

ಮೇಸ್ತ್ರಿ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಹಗ್ಗ ಹೊಸೆಯುತ್ತಿದ್ದರು, ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು. ಮುದುಕರಾಗಿದ್ದರು. ನಗು ಹಾಗೇ ಇತ್ತು. "ಕಲ್ಲಿನ ಜಾತಕದಾವ್ರು ಬಂದ್ರಲೇ!" ಎಂದು ಒಳಗೆ ಕೂಗಿ ಹೇಳಿದರು. ಚಹಾ ಬಂತು. ನಾನು ಕಪ್ಪನ್ನು ಮುಟ್ಟದೆ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಬ್ರಷ್ಷು, ಜೀಪು, ಕೆಳಗಿನ ಗೆರೆ, ನೆಟ್ಟಗಿತ್ತು ಎಂದದ್ದು, ಮರುದಿನ ಹೋಗಿ ಅಳತೆ ತೆಗೆದದ್ದು, ಟಿಪ್ಪಣಿಯ ವಾಕ್ಯ. ಏನನ್ನೂ ಬಿಡಲಿಲ್ಲ.

ಅಳಿಯ ಎದ್ದು ನಿಂತ. "ಮಾವಾ, ಈ ಮನಷ್ಯಾನ್ನ ನಾನ ಕರಕೊಂಡು ಬಂದೆ ಮನೀಗೆ" ಎಂದ.

"ಕೂಡು" ಎಂದರು ಮೇಸ್ತ್ರಿ. ಆಮೇಲೆ ನನ್ನ ಕಡೆ ನೋಡದೆ ಕೇಳಿದರು, "ಎಷ್ಟು ಸರದಿತ್ರಿ?"

"ಒಂದು ಜೋಳದ ಕಾಳಿನಷ್ಟು."

"ಯಾವ ಕಡಿ?"

"ಬಲಕ್ಕಿಂದು. ಕೆಳಗ ಸರದಿತ್ತು."

"ಕೆಳಗಿನ ಗೆರಿ ಒಂದ?"

"ಅದೊಂದ."

ಅವರು ಕಾಲ್ಬೆರಳಿನ ಹಗ್ಗ ಬಿಚ್ಚಿ ಪಕ್ಕಕ್ಕಿಟ್ಟರು. ಕಣ್ಣು ತುಂಬಿ ಬಂದಿದ್ದವು. ನಾನು ಕಾಲಿಗೆ ಬೀಳಲು ಬಗ್ಗಿದೆ, ಅವರು ಮೊಂಡು ಕೈಯಿಂದ ನನ್ನ ಹೆಗಲನ್ನು ತಡೆದರು.

"ಹಂಗಾದ್ರ ಅದು ಹೇಳಿತ್ತು" ಎಂದರು. "ಬುಡ ಜಾರತೈತಿ ಅಂತ ಚೊಕ್ಕ ಹೇಳಿತ್ತು. ಏಳು ವರ್ಷ ನಾ ಅದಕ್ಕ ಬೈಕೋಂತ ಕುಂತೇನಿ. ಹತ್ತು ತಂಡಕ್ಕ ಬ್ಯಾಡಂತ ಹೇಳೇನಿ."

"ತಪ್ಪಾತ್ರಿ" ಎಂದೆ.

"ತಪ್ಪಂತೂ ಆತು. ಕೈ ಹೋದದ್ದು ನಿಮ್ಮ ತಪ್ಪು ಅರ್ಧ, ನನ್ನ ತಪ್ಪು ಅರ್ಧ. ನನ್ನ ಕಣ್ಣಿಲೆ ನೋಡದ ನಾ ಇಳೀಬಾರದಿತ್ತು. ಈಬತ್ತೀದು ಮಾತ್ರ ಪೂರಾ ನಿಮ್ಮದು." ಅವರು ಎದ್ದರು. "ನಡೀರಿ. ನನ್ನ ಮುಂದ ಹೇಳಿದ್ರ ಏನಾಗ್ತೈತಿ? ಬಾವ್ಯಾಗ ಇಳಿಯಾವ್ರ ಮುಂದ ಹೇಳ್ರಿ."

ನಡು ಮಧ್ಯಾಹ್ನದ ಬಿಸಿಲಿನಲ್ಲಿ ಬಾವಿಯ ಅಂಚಿನಲ್ಲಿ ನಿಂತು, ಬುಟ್ಟಿ ಎಳೆಯುವ ಆಳುಗಳ ಮುಂದೆ, ಅಷ್ಟನ್ನೂ ಮತ್ತೊಮ್ಮೆ ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು. ಹೊಗೆಸೊಪ್ಪು ತಿಕ್ಕುತ್ತಿದ್ದ ಒಬ್ಬ ಆಳು ಅಂಗೈಯಲ್ಲಿದ್ದದ್ದನ್ನು ಬಾಯಿಗೆ ಹಾಕುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದ.

ಮೇಸ್ತ್ರಿ ಮನೆಯಿಂದ ವಿಭೂತಿ ಗಟ್ಟಿ ತಂದಿದ್ದರು. ಒಂದು ಕರಟದಲ್ಲಿ ನೀರು ಹಾಕಿ ಎಡಗೈಯಿಂದ ತೇಯ್ದರು. "ಸುಣ್ಣ ಗಟ್ಟಿ ಹಿಡಕೋತೈತಿ, ಮಣ್ಣು ಜಗ್ಗತೈತಿ. ಇದಕ್ಕ ತಡಕೊಳ್ಳೂ ಗುಣ ಇಲ್ಲ, ಥಟ್ಟನೆ ಒಡೀತೈತಿ. ಅದಕ್ಕ ಇದ" ಎಂದು ಆಳುಗಳಿಗೆ ವಿವರಿಸಿದರು. ಆಮೇಲೆ ಕರಟವನ್ನು ನನ್ನ ಮುಂದೆ ಹಿಡಿದರು.

"ಒರಸಿದಾವ್ರು ನೀವ. ನೀವ ಹಚ್ಚರಿ."

ಗಟ್ಟಿ ಗೋಡೆಯ ಮೆಟ್ಟಿಲುಗಳಿಂದ ಇಳಿದು, ಅವರು ಮೇಲಿನಿಂದ ತೋರಿಸಿದ ಮೂರು ಕಡೆ, ಸಂದಿಗೆ ಅಡ್ಡವಾಗಿ ಮೂರು ಬೆರಳಿನಿಂದ ಎಳೆದೆ. ಚಿಕ್ಕವನಿದ್ದಾಗ ಅಪ್ಪನ ಸೈಕಲ್ಲಿಗೆ ಹಚ್ಚುತ್ತಿದ್ದ ನೆನಪು ಬೆರಳಿಗಿತ್ತು. ಕೋಟಿ ವರ್ಷಗಳ ಹಿಂದೆ ಬಂಡೆ ಯಾವ ಕಡೆ ಸರಿಯಿತೆಂದು ಹುಡುಕಲು ಜೀಪು, ಕ್ಯಾಮೆರಾ, ದಿಕ್ಸೂಚಿ ಹೊತ್ತು ಬಂದವನು, ಒಂದೇ ರಾತ್ರಿಯಲ್ಲಿ ಸರಿದದ್ದನ್ನು ಹೇಳಿದ ಗೆರೆಯನ್ನು ಉಜ್ಜಿ ಹಾಕಿದ್ದೆ. ಅದನ್ನು ನೆನೆಸಿಕೊಂಡು ಬಾವಿಯ ತಳದಲ್ಲಿ ಅತ್ತೆ. ಮೇಲಿದ್ದವರಿಗೆ ಕೇಳಿಸಿರಬಹುದು.

ಆ ರಾತ್ರಿ ಇಳಕಲ್ಲಿನಲ್ಲೇ ಉಳಿದೆ. ಮುಂಜಾನೆ ಬಾವಿಗೆ ಹೋದಾಗ ಎಲ್ಲರೂ ಬಂದಿದ್ದರು. ಯಾರೂ ಇಳಿದಿರಲಿಲ್ಲ. ಮೇಸ್ತ್ರಿ ನನಗೆ, "ನೋಡಿ ಬರ್ರಿ" ಎಂದರು. ಮೆಟ್ಟಿಲಿಳಿದು ಎದುರಿನ ಗೋಡೆಯ ಮೂರೂ ಕಡೆಯ ಗೆರೆಗಳನ್ನು ಒಂದೊಂದಾಗಿ ನೋಡಿದೆ. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಮತ್ತೊಮ್ಮೆ ನೋಡಿ ಹತ್ತಿ ಬಂದೆ.

"ಹೆಂಗೈತ್ರಿ?" ಎಂದು ಅಳಿಯ ಕೇಳಿದ.

"ನೆಟ್ಟಗೈತಿ" ಎಂದೆ.

ಮೇಸ್ತ್ರಿ ನನ್ನ ಮುಖವನ್ನು ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿ ಮೆಲ್ಲಗೆ, "ನೀ ಒಂದು ಸಲ ಇಳದು ನೋಡಿ ಬಾ" ಎಂದರು.

ಅಳಿಯ ಇಳಿದ. ಅವನು ನೋಡಿ, ಹತ್ತಿ ಬಂದು, ತಲೆಯಾಡಿಸುವವರೆಗೆ ನಾನು ಅಲ್ಲೇ ನಿಂತಿದ್ದೆ.